ಚಾರಿತ್ರಿಕ ಕಾದಂಬರಿಯ ಅಡುಗೆಮನೆ

ಕಳೆದ ಆಷಾಢದ ಒಂದು ಮಧ್ಯಾಹ್ನ ನನ್ನ ವಿದ್ಯಾರ್ಥಿನಿಯೊಬ್ಬಳು ದಪ್ಪನೆಯ ಕೈಬರಹದ ಪುಸ್ತಕವೊಂದನ್ನು ತಂದು ನನ್ನ ಮೇಜಿನ ಮೇಲಿರಿಸಿ, "ಬಿಡುವಾದಾಗ ಓದಿ ನೋಡಿ ಸಾರ್" ಎಂದು ಹೇಳಿ, ನಾನು ಮಾತನಾಡುವುದಕ್ಕೆ ಮೊದಲೇ ಹೊರಟುಹೋದಳು. ತೆರೆದು ನೋಡಿದೆ. ಅದೊಂದು ಚಾರಿತ್ರಿಕ ಕಾದಂಬರಿ. ಕಾಲ, ಹೊಯ್ಸಳ ವೀರಬಲ್ಲಾಳನದು; ಸ್ಥಳ, ದೋರಸಮುದ್ರದಿಂದ ಎರಡು ದಿನದ ಹಾದಿಯ ಒಂದು ಹಳ್ಳಿ. ಅರಸರ ಕಥೆಯಲ್ಲ, ಒಬ್ಬ ಒಕ್ಕಲಗಿತ್ತಿಯ ಕಥೆ. ಸಂತೋಷದಿಂದಲೇ ಓದತೊಡಗಿದೆ. ಮೊದಲನೆಯ ಪುಟದಲ್ಲಿ ಆ ಒಕ್ಕಲಗಿತ್ತಿ ಕೋಳಿ ಕೂಗುವ ಹೊತ್ತಿಗೆ ಎದ್ದು, ಒಲೆ ಹೊತ್ತಿಸಿ, ಹೊಲಕ್ಕೆ ಹೋಗುವ ಗಂಡನಿಗೆ ಬುತ್ತಿ ಕಟ್ಟುತ್ತಾಳೆ. ಬುತ್ತಿಯಲ್ಲಿ ರೊಟ್ಟಿ, ರೊಟ್ಟಿಯ ಮೇಲೆ ಕೆಂಪು ಮೆಣಸಿನಕಾಯಿಯ ಚಟ್ನಿ.

ನನ್ನ ಕೆಂಪು ಮಸಿಯ ಲೇಖನಿ ಅಲ್ಲಿಯೇ ನಿಂತಿತು.

ಹತ್ತನೆಯ ಪುಟ ಮುಗಿಯುವುದರೊಳಗೆ ಇನ್ನೂ ಐದಾರು ಕಡೆ ನಿಂತಿತು. ಊರಹಬ್ಬದಲ್ಲಿ ದೇವರಿಗೆ ಚೆಂಡುಹೂವಿನ ಮಾಲೆ. ಜಾತ್ರೆಯಲ್ಲಿ ಹುರಿದ ಕಡಲೆಕಾಯಿ. ಬಳೆಗಾರನಿಗೆ ಒಂದು ರೂಪಾಯಿ. ದಂಡಿನಿಂದ ಬಂದ ಕಾಗದ. "ಹತ್ತು ನಿಮಿಷ ತಾಳು" ಎನ್ನುವ ಗೌಡ. ಇವೆಲ್ಲಕ್ಕೂ ಅಡಿಗೆರೆ ಎಳೆಯುತ್ತ ಹೋದ ನನಗೆ ಒಳಗೊಳಗೇ ಒಂದು ಬಗೆಯ ಉತ್ಸಾಹ ಏರುತ್ತಿದ್ದುದನ್ನು ಮುಚ್ಚಿಡಲಾರೆ. ತಪ್ಪು ಹಿಡಿಯುವವನ ಉತ್ಸಾಹ ಅದು. ಅಧ್ಯಾಪಕ ವೃತ್ತಿಯವರಿಗೆ ಇದರ ರುಚಿ ಚೆನ್ನಾಗಿ ಗೊತ್ತು.

ಆದರೆ ನಡುವೆ ಒಂದು ಹಳೆಯ ನೆನಪು ಬಂದು ಕೈ ಹಿಡಿಯಿತು. ನಾನು ಇಪ್ಪತ್ತು ವರ್ಷದವನಾಗಿದ್ದಾಗ ಕಲ್ಯಾಣದ ಶರಣರ ಕಾಲವನ್ನು ಕುರಿತು ಒಂದು ಕತೆ ಬರೆದು ಕಾಲೇಜಿನ ಸಾಹಿತ್ಯ ಕೂಟದಲ್ಲಿ ಓದಿದ್ದೆ. ದಾಸೋಹದ ಮನೆಯ ಅಡುಗೆಯಲ್ಲಿ ನಾನು ಆಲೂಗಡ್ಡೆಯ ಪಲ್ಯ ಮಾಡಿಸಿದ್ದೆ. ಓದು ಮುಗಿದ ಮೇಲೆ ಹಿರಿಯರೊಬ್ಬರು ಎದ್ದು, "ಕಲ್ಯಾಣಕ್ಕೆ ಆಲೂಗಡ್ಡೆ ಯಾವ ಊರಿನ ಗಾಡಿಯಲ್ಲಿ ಬಂತಪ್ಪ?" ಎಂದು ಕೇಳಿದರು. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಆ ದಿನದಿಂದ ಇಂದಿನವರೆಗೆ ನಾನು ಇನ್ನೊಂದು ಕತೆ ಬರೆದಿಲ್ಲ. ಕತೆಯಲ್ಲಿ ಉಳಿದದ್ದೇನಿತ್ತು, ಜೀವವಿತ್ತೋ ಇಲ್ಲವೋ ಎಂಬುದನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈಗ ಆ ಹಿರಿಯರ ಸ್ಥಾನದಲ್ಲಿ ನಾನು ಕುಳಿತಿದ್ದೆ. ನನ್ನ ಸ್ಥಾನದಲ್ಲಿ ಈ ಹುಡುಗಿ. ಆದ್ದರಿಂದ ಲೇಖನಿಯನ್ನು ಬದಿಗಿಟ್ಟು, ತಪ್ಪುಗಳನ್ನು ಪಟ್ಟಿ ಮಾಡುವುದರ ಬದಲು ಆ ಒಕ್ಕಲಗಿತ್ತಿಯ ಒಂದು ದಿನ ಹೇಗಿದ್ದೀತು ಎಂದು ಯೋಚಿಸಿದೆ. ಆ ಯೋಚನೆಯೇ ಈ ಲೇಖನ.

ಒಲೆಯ ಮುಂದೆ

ಮೊದಲು ಆ ಮೆಣಸಿನಕಾಯಿಯನ್ನೇ ನೋಡೋಣ. ಅದರ ತವರು ಅಮೆರಿಕ ಖಂಡ. ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಗೆ ಬಂದು, 1510ರಲ್ಲಿ ಗೋವೆಯನ್ನು ಹಿಡಿದ ಬಳಿಕ ಅವರ ಹಡಗುಗಳೊಡನೆ ನಮ್ಮ ನೆಲಕ್ಕೆ ಇಳಿದ ಅತಿಥಿ ಅದು. ಅದಕ್ಕಿಂತ ಮೊದಲು ಕನ್ನಡದಲ್ಲಿ ಮೆಣಸು ಎಂದರೆ ಕರಿಮೆಣಸು, ಮಲೆನಾಡಿನ ಬಳ್ಳಿಯ ಫಲ. ಹೊಸ ಕಾಯಿಯೊಂದು ಬಂದು ನಾಲಗೆಯನ್ನು ಅದೇ ರೀತಿ ಸುಟ್ಟಾಗ ನಮ್ಮ ಜನ ಹಳೆಯ ರುಚಿಯ ಹೆಸರನ್ನೇ ಹೊಸ ಕಾಯಿಗೆ ಇಟ್ಟು ಮೆಣಸಿನಕಾಯಿ ಎಂದರು. ಹೆಸರೇ ಅದರ ಜಾತಕ. ಬಲ್ಲಾಳನ ಕಾಲದ ಒಲೆಯ ಮುಂದೆ ಖಾರಕ್ಕೆ ಮೆಣಸು, ಹಿಪ್ಪಲಿ, ಶುಂಠಿ, ಸಾಸಿವೆ ಇವೇ ಗತಿ.

ಆಲೂಗಡ್ಡೆ, ಟೊಮ್ಯಾಟೊ, ಕಡಲೆಕಾಯಿ, ಗೋಡಂಬಿ, ಪರಂಗಿ, ಸೀಬೆ, ಅನಾನಸು, ಹೊಗೆಸೊಪ್ಪು ಇವೆಲ್ಲವೂ ಅದೇ ಖಂಡದ ಬಳುವಳಿ. ನಾವು ದೇವರ ಮುಡಿಗೇರಿಸುವ ಚೆಂಡುಹೂವು ಕೂಡ ಅಲ್ಲಿಯದೇ. ಹೊಗೆಸೊಪ್ಪಿನ ಮಾತಿನಲ್ಲಿ ನಮ್ಮ ಬಿಜಾಪುರಕ್ಕೆ ಒಂದು ಸ್ಥಾನವುಂಟು: ಹದಿನೇಳನೆಯ ಶತಮಾನದ ಆರಂಭದಲ್ಲಿ ಅಸದ್ ಬೇಗನೆಂಬ ಅಧಿಕಾರಿ ಅದನ್ನು ಬಿಜಾಪುರದಲ್ಲಿ ಕಂಡು, ಕೊಂಡೊಯ್ದು ಅಕ್ಬರನ ಮುಂದಿಟ್ಟನು. ಸೋಮನಾಥಪುರವೇ ಮೊದಲಾದ ಹೊಯ್ಸಳ ದೇವಾಲಯಗಳ ಕೆಲವು ವಿಗ್ರಹಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆಯೆಂದು ವಾದಿಸಿದ ವಿದ್ವಾಂಸರುಂಟು. ಅದು ಮುತ್ತಿನಿಂದಾದ ಕಲ್ಪನೆಯ ಫಲವೆಂದು ಉತ್ತರಿಸಿದವರೂ ಉಂಟು. ಶಿಲ್ಪಿಯ ಕೈಯ ಕಾಯಿಯನ್ನು ನಂಬಿ ಕಾದಂಬರಿಕಾರನು ಹೊಲ ಬಿತ್ತುವುದು ಕ್ಷೇಮವಲ್ಲ.

ಹಾಗಾದರೆ ಅವರು ಏನು ಉಣ್ಣುತ್ತಿದ್ದರು? ನಮ್ಮ ಭಾಗ್ಯಕ್ಕೆ ಈ ಪ್ರಶ್ನೆಗೆ ಉತ್ತರ ಹೇಳುವ ಗ್ರಂಥಗಳು ಕನ್ನಡ ನಾಡಿನಲ್ಲಿ ಸಾಕಷ್ಟಿವೆ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ಅಡುಗೆಯ ವಿಷಯವಿದೆ. ಚಾಳುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಅರಸನ ಭೋಜನದ ವಿಸ್ತಾರವಾದ ವರ್ಣನೆಯಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನು ಅಡುಗೆಯನ್ನೇ ವಸ್ತುವಾಗಿಟ್ಟುಕೊಂಡು ಷಟ್ಪದಿಯಲ್ಲಿ 'ಸೂಪಶಾಸ್ತ್ರ'ವನ್ನು ಬರೆದನು. ಬದನೆಕಾಯೊಂದನ್ನೇ ಎಷ್ಟು ಬಗೆಯಲ್ಲಿ ಪಕ್ವ ಮಾಡಬಹುದೆಂಬುದನ್ನು ಅದರಲ್ಲಿ ನೋಡಿ ಬೆರಗಾಗಬೇಕು. ನಮ್ಮ ಇಡ್ಲಿಯ ಹಿರಿಯಕ್ಕನಾದ ಇಡ್ಡಲಿಗೆಯ ಹೆಸರು 'ವಡ್ಡಾರಾಧನೆ'ಯಲ್ಲಿಯೇ ಬರುತ್ತದೆ. ಆದರೆ ಲೋಕೋಪಕಾರದ ಆ ತಿನಿಸಿನಲ್ಲಿ ಉದ್ದಿದೆ, ಮಜ್ಜಿಗೆಯಿದೆ, ಮೊಸರಿನ ತಿಳಿಯಿದೆ, ಅಕ್ಕಿಯ ಮಾತಿಲ್ಲ. ಹೆಸರು ಉಳಿದು ತಿನಿಸು ಬದಲಾಗುವುದೂ ಉಂಟು ಎಂಬುದನ್ನು ಕಾದಂಬರಿಕಾರನು ಮರೆಯಬಾರದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಇವು ಅರಸರ ಮತ್ತು ಉಳ್ಳವರ ಅಡುಗೆಮನೆಗಳು. ನಮ್ಮ ಹುಡುಗಿಯ ಒಕ್ಕಲಗಿತ್ತಿಯ ಮನೆಯಲ್ಲಿ ರಾಗಿ, ಜೋಳ, ನವಣೆ, ಸಾಮೆ, ಹುರುಳಿ, ಅವರೆ, ಬೇಲಿಯ ಸೊಪ್ಪು. ಧಾನ್ಯಗಳಲ್ಲಿಯೂ ಮೇಲು ಕೀಳೆಂಬ ಭಾವನೆ ನಮ್ಮ ಸಮಾಜದಲ್ಲಿ ಎಷ್ಟು ಆಳವಾಗಿತ್ತೆಂಬುದಕ್ಕೆ ಕನಕದಾಸರ 'ರಾಮಧಾನ್ಯ ಚರಿತ್ರೆ' ಸಾಕ್ಷಿ. ಅಲ್ಲಿ ಭತ್ತವೂ ರಾಗಿಯೂ ರಾಮನ ಎದುರಿನಲ್ಲಿಯೇ ಜಗಳವಾಡುತ್ತವೆ. ಆರು ತಿಂಗಳು ಸೆರೆಯಲ್ಲಿಟ್ಟು ತೆಗೆದಾಗ ಕೆಡದೆ ಉಳಿದ ರಾಗಿಗೆ ಗೆಲುವಾಗುತ್ತದೆ. ಧಾನ್ಯದ ನೆಪದಲ್ಲಿ ಅವರು ಹೇಳಿದ್ದು ಅದನ್ನು ಉಣ್ಣುವ ಜನರ ಮಾತನ್ನೇ. ಒಬ್ಬ ಪಾತ್ರದ ತಟ್ಟೆಯಲ್ಲಿ ಏನನ್ನು ಬಡಿಸುತ್ತೇವೆ ಎಂಬುದರಲ್ಲಿ ಆ ಪಾತ್ರ ಎಲ್ಲಿ ಕುಳಿತು ಉಣ್ಣಬೇಕಾಗಿತ್ತು ಎಂಬುದೂ ಅಡಗಿದೆ.

ಇನ್ನು ಒಲೆ ಹೊತ್ತಿಸಿದ ಮಾತು. ಕಡ್ಡಿಪೆಟ್ಟಿಗೆ ಹತ್ತೊಂಬತ್ತನೆಯ ಶತಮಾನದ ವಸ್ತು. ಅದಕ್ಕೂ ಮೊದಲು ಬೆಂಕಿಯನ್ನು ದಿನದಿನವೂ ಹುಟ್ಟಿಸುವುದಕ್ಕಿಂತ ಕಾಪಾಡುವುದೇ ಸುಲಭ. ನನ್ನ ಅಜ್ಜಿ ತನ್ನ ಬಾಲ್ಯದ ಮಾತು ಹೇಳುತ್ತಿದ್ದಳು: ರಾತ್ರಿ ಕೆಂಡವನ್ನು ಬೂದಿಯಲ್ಲಿ ಹೂತಿಡುವುದು, ಬೆಳಗ್ಗೆ ಕೆದಕಿ ಊದುವುದು, ಆರಿಹೋಗಿದ್ದರೆ ಬೆರಣಿಯ ಚೂರು ಹಿಡಿದು ನೆರೆಮನೆಗೆ ಕೆಂಡಕ್ಕೆ ಹೋಗುವುದು. ಎಂಟುನೂರು ವರ್ಷದ ಹಿಂದಿನ ಗೃಹಿಣಿಯ ಮುಂಜಾನೆಯೂ ಇದಕ್ಕಿಂತ ಬಹಳ ಬೇರೆಯಾಗಿದ್ದಿರಲಾರದು. ಹೀಗಿರುವಾಗ "ಒಲೆ ಹೊತ್ತಿಸಿದಳು" ಎಂಬ ಎರಡು ಪದಗಳಲ್ಲಿ ಎಂಥ ಸಂದರ್ಭ ತಪ್ಪಿಹೋಯಿತು ನೋಡಿ! ಕೆಂಡ ಕೇಳಲು ಹೋದ ಹೆಣ್ಣಿಗೆ ನೆರೆಯವಳು ಕೆಂಡ ಕೊಟ್ಟಳೇ, ಇಲ್ಲವೆಂದಳೇ, ಯಾರ ಮನೆಯ ಕೆಂಡ ಯಾರ ಮನೆಗೆ ಸಲ್ಲುತ್ತಿತ್ತು, ಯಾರ ಮನೆಗೆ ಸಲ್ಲುತ್ತಿರಲಿಲ್ಲ. ಒಂದು ಊರಿನ ನಂಟು, ಜಾತಿ, ಜಗಳ ಎಲ್ಲವೂ ಆ ಒಂದು ಬೆರಣಿಯ ಚೂರಿನ ಮೇಲೆ ಬಂದುಬಿಡುತ್ತವೆ. ಸರಿಯಾದ ವಿವರವು ಕಾದಂಬರಿಗೆ ಅಲಂಕಾರವಲ್ಲ. ಅದೇ ಕಥೆಯನ್ನು ಹೆರುವ ಗರ್ಭ.

ಹೊತ್ತು, ಹಣ, ಓಲೆ

ಗೌಡನ "ಹತ್ತು ನಿಮಿಷ"ವೂ ಹೀಗೆಯೇ. ನಿಮಿಷ ಹಳೆಯ ಮಾತೇ. ಆದರೆ ಹಳಬರಿಗೆ ಅದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅವರ ಲೆಕ್ಕ ಗಳಿಗೆಯದು. ತಳದಲ್ಲಿ ಸಣ್ಣ ರಂಧ್ರವಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ ಅದು ತುಂಬಿ ಮುಳುಗುವ ಹೊತ್ತು ಒಂದು ಗಳಿಗೆ, ನಮ್ಮ ಇಪ್ಪತ್ತನಾಲ್ಕು ನಿಮಿಷ. ಅಂಥ ಅರುವತ್ತು ಸೇರಿದರೆ ಒಂದು ಅಹೋರಾತ್ರಿ. ಏಳೂವರೆ ಗಳಿಗೆ ಒಂದು ಜಾವ. ಈ ಬಟ್ಟಲು ಕೂಡ ಅರಮನೆ, ದೇವಾಲಯ, ಮುಹೂರ್ತದ ಮನೆಗಳ ವಸ್ತು. ಹೊಲದವನಿಗೆ ನೆರಳೇ ಗಡಿಯಾರ: ಮೊಳದುದ್ದ ಹೊತ್ತು, ಆಳುದ್ದ ಹೊತ್ತು, ದನ ಮನೆಗೆ ಬರುವ ಹೊತ್ತು. ವಾರಗಳ ಹೆಸರು ಶಾಸನಗಳಲ್ಲಿ ನಿತ್ಯವೂ ಕಾಣುತ್ತವೆ, ಶನಿವಾರಕ್ಕೆ ವಡ್ಡವಾರವೆಂಬ ಹೆಸರೂ ಉಂಟು. ಇಂಥದೊಂದು ಪದ ತಕ್ಕ ಕಡೆಯಲ್ಲಿ ಬಿದ್ದರೆ ಓದುಗನ ಮನಸ್ಸು ಥಟ್ಟನೆ ಶತಮಾನಗಳನ್ನು ದಾಟುತ್ತದೆ.

ಬಳೆಗಾರನ ಕೈಗೆ ಹೋದ ರೂಪಾಯಿ ಹದಿನಾರನೆಯ ಶತಮಾನದಲ್ಲಿ ಉತ್ತರದ ಶೇರ್ ಶಹನ ಆಳಿಕೆಯಲ್ಲಿ ನೆಲೆಗೊಂಡ ನಾಣ್ಯ. ಹೊಯ್ಸಳರ ಶಾಸನಗಳಲ್ಲಿ ಕಾಣುವುದು ಗದ್ಯಾಣ, ಪಣ, ಹಾಗ, ವೀಸ. ಗದ್ಯಾಣವು ಬಂಗಾರದ್ದು; ಬಡವನ ಸೆರಗಿನ ಗಂಟಿನಲ್ಲಿ ಅದು ಇರುವಂಥದಲ್ಲ. ಹಾಗವೆಂದರೆ ಪಣದ ಕಾಲು ಪಾಲು, ವೀಸವೆಂದರೆ ಹದಿನಾರನೆಯ ಒಂದು ಪಾಲು. ಹಳ್ಳಿಯ ಕೊಡುಕೊಳೆಯ ಬಹುಭಾಗ ನಡೆಯುತ್ತಿದ್ದುದು ಕೊಳಗ, ಬಳ್ಳ, ಮಾನಗಳ ಧಾನ್ಯದಲ್ಲಿ. ಬಳೆಗಾರನಿಗೆ ಮೊರದಲ್ಲಿ ರಾಗಿ ಸುರಿದಿದ್ದರೆ ಆ ಹೆಂಗಸು ಎಷ್ಟು ಚೆನ್ನಾಗಿ ಕಣ್ಣಿಗೆ ಕಟ್ಟುತ್ತಿದ್ದಳು!

ದಂಡಿನಿಂದ ಬಂದ ಕಾಗದದ ಮಾತೂ ಅಷ್ಟೆ. ಕಾಗದವೆಂಬ ಪದವೇ ಪಾರಸಿಯಿಂದ ಬಂದುದು. ನಮ್ಮವರು ಬರೆದದ್ದು ತಾಳೆಯ ಗರಿಯ ಮೇಲೆ, ಕಂಟದಿಂದ. ಇಂದಿಗೂ ಮದುವೆಗೆ ಕರೆಯೋಲೆ ಎನ್ನುತ್ತೇವಲ್ಲ, ಆ ಓಲೆ ಅದೇ ಗರಿ. ಹೆಂಗಸರ ಕಿವಿಯ ಓಲೆಯೂ ಮೊದಲು ಸುರುಳಿ ಸುತ್ತಿದ ಅದೇ ಗರಿ. ಸುಮಾರು ಒಂದು ಸಾವಿರ ವರ್ಷಗಳ ಹಿಂದೆ ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಓದುವಾಗ ನಾವು ಆಕೆಯ ಔದಾರ್ಯವನ್ನು ಹೊಗಳಿ ಮುಂದಕ್ಕೆ ಹೋಗುತ್ತೇವೆ. ಎಷ್ಟು ಗರಿ ಕೊಯ್ದು, ಒಣಗಿಸಿ, ಹದಗೊಳಿಸಿರಬೇಕು. ಎಷ್ಟು ಬೆರಳುಗಳು ಕಂಟ ಹಿಡಿದು ಜಡ್ಡುಗಟ್ಟಿರಬೇಕು! ಆ ಬೆರಳುಗಳ ಕಥೆಯನ್ನು ಬರೆಯುವ ಕಾದಂಬರಿಕಾರ ಇನ್ನೂ ಬರಬೇಕಾಗಿದೆ.

ಮಾತಿನ ತೊಡಕು ಇನ್ನೂ ದೊಡ್ಡದು. ಸರಕಾರ, ಜವಾಬು, ಖರ್ಚು ಇವು ಪಾರಸಿ ಅರಬ್ಬಿಗಳ ಕೊಡುಗೆ. ಚಾವಿ, ಪಗಾರ, ಬಟಾಟೆ ಪೋರ್ಚುಗೀಸರವು. ಹೊಯ್ಸಳರ ಸೇನಾಪತಿಯ ಬಾಯಲ್ಲಿ ಜವಾಬ್ದಾರಿ ಎಂಬ ಪದ ಬಂದರೆ ಕಿವಿಗೆ ಕಲ್ಲು ತಾಗಿದಂತಾಗುತ್ತದೆ. ಹಾಗೆಂದು ಅವನಿಂದ ಶುದ್ಧ ಹಳಗನ್ನಡ ಆಡಿಸಿದರೆ ಓದುವವರಾರು? ಇಲ್ಲಿ ಮಿತಿಯೇ ಮಾರ್ಗ. ಅಂದಿನ ಭಾಷೆಯನ್ನು ತರುವುದು ಅಸಾಧ್ಯ. ಅಂದಿಗೆ ಸಲ್ಲದ ಭಾಷೆಯನ್ನು ಬಿಡುವುದು ಸಾಧ್ಯ.

ಕಲ್ಲಿನಲ್ಲಿ ಕಾಣುವುದು, ಕಾಣದಿರುವುದು

ನಮ್ಮ ಕಾದಂಬರಿಕಾರರಿಗೆ ಎರಡು ದೊಡ್ಡ ಆಕರಗಳಿವೆ: ವಿದೇಶೀ ಪ್ರವಾಸಿಗರ ಬರಹ ಮತ್ತು ನಮ್ಮ ಶಿಲ್ಪ ಶಾಸನಗಳು. ಎರಡೂ ಬಹಳ ಹೇಳುತ್ತವೆ, ಎರಡೂ ಬಹಳ ಮುಚ್ಚಿಡುತ್ತವೆ.

ವಿಜಯನಗರಕ್ಕೆ 1443ರಲ್ಲಿ ಬಂದ ಅಬ್ದುರ್ ರಜಾಕನು, ಅಲ್ಲಿಯ ಜನರಿಗೆ ಗುಲಾಬಿ ಅನ್ನದಷ್ಟೇ ಅವಶ್ಯವೆಂದು ಬೆರಗಿನಿಂದ ಬರೆದನು. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ ಪೇಸನು, ಪಟ್ಟಣದಲ್ಲಿ ಒಂದು ವರಹಕ್ಕೆ ಹನ್ನೆರಡು ಜೀವಂತ ಕುರಿ, ಒಂದು ಪಣಕ್ಕೆ ಹತ್ತು ದಾಳಿಂಬೆ ಅಥವಾ ಮೂರು ಗೊಂಚಲು ದ್ರಾಕ್ಷಿ ಸಿಕ್ಕುತ್ತಿದ್ದುವೆಂದು ಬರೆದಿಟ್ಟಿದ್ದಾನೆ. ರಾಯನು ಬೆಳಕು ಹರಿಯುವ ಮುನ್ನ ಎಳ್ಳೆಣ್ಣೆ ಕುಡಿದು, ಅದನ್ನೇ ಮೈಗೆ ತೀಡಿಸಿ, ಮಣ್ಣಿನ ಭಾರಗಳನ್ನೆತ್ತಿ, ಕತ್ತಿ ತಿರುವಿ, ಕುಸ್ತಿಯಾಡಿ, ಕುದುರೆಯೇರುತ್ತಿದ್ದನೆಂದು ನಮಗೆ ತಿಳಿದಿರುವುದು ಈತನಿಂದಲೇ. ಇಂಥ ವಿವರಕ್ಕೆ ಬೆಲೆ ಕಟ್ಟುವಂತಿಲ್ಲ. ಆದರೆ ಪೇಸನು ಹೇಳಿದ ಒಂದು ಧಾನ್ಯದ ಹೆಸರು ಇಂಗ್ಲಿಷ್ ಅನುವಾದದಲ್ಲಿ ಮುಸುಕಿನ ಜೋಳವಾಗಿಬಿಟ್ಟಿದೆ. ಅವನು ಕಂಡದ್ದು ನಮ್ಮ ಬಿಳಿಯ ಜೋಳ. ಅನುವಾದವನ್ನು ನಂಬಿದ ಲೇಖಕನು ಹಂಪೆಯ ಹೊಲದಲ್ಲಿ ಅಮೆರಿಕದ ತೆನೆ ಬೆಳೆಯಿಸಿಯಾನು. ಮೇಲಾಗಿ ಪ್ರವಾಸಿ ಕಂಡದ್ದು ಅಂಗಡಿಯ ಬೀದಿಯನ್ನು, ಆಸ್ಥಾನವನ್ನು, ಮಹಾನವಮಿಯನ್ನು. ಯಾವ ಪ್ರವಾಸಿಯನ್ನೂ ಯಾವ ಗೃಹಿಣಿಯೂ ಒಲೆಯ ಬಳಿಗೆ ಕರೆಯಲಿಲ್ಲ.

ಶಿಲ್ಪವೂ ಹಾಗೆಯೇ. ಬೇಲೂರಿನ ಮದನಿಕೆಯರ ಮೈಮೇಲಿನ ಆಭರಣಗಳನ್ನು ನೋಡಿ ಹೊಯ್ಸಳರ ನಾಡಿನ ಹೆಂಗಸರೆಲ್ಲ ಹಾಗಿದ್ದರೆಂದು ಬರೆದರೆ ನಾಟಿ ಮಾಡುವವರು ಯಾರು? ನಿತ್ಯಜೀವನದ ನಿಜವಾದ ಪಟ್ಟಿ ಬೇಕಾದವರು ಹನ್ನೆರಡನೆಯ ಶತಮಾನದ ವಚನಕಾರರ ಹೆಸರುಗಳನ್ನೇ ಓದಿದರೆ ಸಾಕು: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ, ನುಲಿಯ ಚಂದಯ್ಯ, ಮೋಳಿಗೆ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ. ಬಟ್ಟೆ ಒಗೆದವರು, ದೋಣಿ ನಡೆಸಿದವರು, ಚರ್ಮ ಹದಮಾಡಿದವರು, ಹಗ್ಗ ಹೊಸೆದವರು, ಸೌದೆ ಹೊತ್ತವರು, ಬಿದ್ದ ಅಕ್ಕಿ ಆಯ್ದವರು. ಅರಸರ ಶಾಸನಗಳು ದಾನಗಳನ್ನು ಎಣಿಸುತ್ತಿದ್ದ ಕಾಲದಲ್ಲಿ ಈ ಹೆಸರುಗಳು ಕಾಯಕಗಳನ್ನು ಎಣಿಸಿದುವು.

ಜೋಳದ ಪಾಳಿ

ಇಷ್ಟನ್ನೂ ಸರಿಮಾಡಿದ ಮೇಲೆಯೂ ಒಂದು ಕಾದಂಬರಿ ಸುಳ್ಳಾಗಬಹುದು. ಮೆಣಸಿನಕಾಯಿಯ ತಪ್ಪನ್ನು ಯಾರಾದರೂ ತಿದ್ದಬಲ್ಲರು. ಮನಸ್ಸಿನ ತಪ್ಪನ್ನು ತಿದ್ದುವುದು ಕಷ್ಟ.

ನಮ್ಮ ಹುಡುಗಿಯ ಕಾದಂಬರಿಯಲ್ಲಿ ಆ ಒಕ್ಕಲಗಿತ್ತಿಯ ಗಂಡ "ನಾಡಿನ ಸ್ವಾತಂತ್ರ್ಯಕ್ಕಾಗಿ" ಯುದ್ಧಕ್ಕೆ ಹೋಗಿ ಸಾಯುತ್ತಾನೆ. ಇದು ನಮ್ಮ ಕಾಲದ ಮಾತು. ಅಂದಿನ ಭಟನು ಹೋರಾಡುತ್ತಿದ್ದುದು ಉಂಡ ಜೋಳದ ಋಣಕ್ಕಾಗಿ. ಜೋಳದ ಪಾಳಿ, ಜೋಳವಾಳಿ ಎಂಬ ಮಾತುಗಳು ಪಂಪನ ಕಾಲದಿಂದಲೂ ಇವೆ. ಒಡೆಯನೊಡನೆ ಸಾಯುವ ವೇಳೆವಾಳಿಯವರು, ಲೆಂಕರು, ಗರುಡರು ಇದ್ದರು. ಹಳೇಬೀಡಿನಲ್ಲಿ ಹೊಯ್ಸಳೇಶ್ವರ ದೇವಾಲಯದ ಬಳಿ ಒಂದು ಕಂಬವಿದೆ: ವೀರಬಲ್ಲಾಳನ ದಂಡನಾಯಕ ಕುವರಲಕ್ಷ್ಮನು ಒಡೆಯನ ಮರಣದೊಡನೆ ತನ್ನ ಹೆಂಡತಿ ಸುಗ್ಗಲದೇವಿ ಮತ್ತು ಲೆಂಕರೊಡನೆ ಪ್ರಾಣವನ್ನರ್ಪಿಸಿದುದರ ಸ್ಮಾರಕ. ತಮ್ಮ ಅವಯವಗಳನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರು ಅದರ ಮೇಲಿದ್ದಾರೆ. ಪ್ರವಾಸಕ್ಕೆ ಹೋದ ನಮ್ಮ ವಿದ್ಯಾರ್ಥಿಗಳು ಅದರ ಮುಂದೆ ನಿಂತು ನಗುವುದನ್ನೂ ನೋಡಿದ್ದೇನೆ, ಕೈ ಮುಗಿಯುವುದನ್ನೂ ನೋಡಿದ್ದೇನೆ. ಎರಡೂ ಅರ್ಥಮಾಡಿಕೊಳ್ಳುವುದಲ್ಲ. ಆ ಮನಸ್ಸನ್ನು ಹೊಗಳದೆ, ಹಳಿಯದೆ, ಒಳಹೊಕ್ಕು ನೋಡುವುದು ಚಾರಿತ್ರಿಕ ಕಾದಂಬರಿಕಾರನ ಕೆಲಸ. ಇತಿಹಾಸಕಾರನು ಬಾಗಿಲವರೆಗೆ ಕರೆದೊಯ್ಯುತ್ತಾನೆ. ಒಳಗೆ ಕಾದಂಬರಿಕಾರನೇ ಹೋಗಬೇಕು.

ಊರಿನ ವೀರಗಲ್ಲುಗಳು ಕೂಡ ದೊಡ್ಡ ಯುದ್ಧಗಳ ಮಾತನ್ನು ಹೇಳುವುದಕ್ಕಿಂತ ಹೆಚ್ಚಾಗಿ ತುರುಗೋಳು, ಪೆಣ್ಬುಯ್ಯಲು, ಊರಳಿವುಗಳ ಮಾತನ್ನು ಹೇಳುತ್ತವೆ. ದನ ಹೊಡೆದೊಯ್ದರು, ಹೆಂಗಸರ ಮೇಲೆ ಕೈಮಾಡಿದರು, ಊರು ಸುಟ್ಟರು, ಇವನು ಅಡ್ಡಬಂದು ಸತ್ತನು. ಹಳ್ಳಿಯವನ ಇತಿಹಾಸ ಇದು. ನಮ್ಮ ಕಾದಂಬರಿಗಳ ಸುವರ್ಣಯುಗದಲ್ಲಿ ಈ ಭಯಕ್ಕೆ ಎಡೆಯೇ ಇಲ್ಲ.

ಹೆಸರಿಲ್ಲದವಳು

ಕೈಬರಹವನ್ನು ಓದಿ ಮುಗಿಸಿದ ದಿನ ವಿದ್ಯಾರ್ಥಿನಿಯನ್ನು ಕರೆಸಿದೆ. ಮೆಣಸಿನಕಾಯಿಯಿಂದ ಆರಂಭಿಸಿ ಮೇಲೆ ಹೇಳಿದುದನ್ನೆಲ್ಲ, ನಗೆ ಬಾರದಂತೆ ಜಾಗ್ರತೆ ವಹಿಸಿ, ಹೇಳಿದೆ. ಅವಳು ಎಲ್ಲವನ್ನೂ ಬರೆದುಕೊಂಡಳು. ಕೊನೆಗೆ ನನ್ನ ದೊಡ್ಡ ಆಕ್ಷೇಪಣೆಯನ್ನು ಮುಂದಿಟ್ಟೆ. ಕಾದಂಬರಿಯ ಕೊನೆಯಲ್ಲಿ ಗಂಡನನ್ನು ಕಳೆದುಕೊಂಡ ಒಕ್ಕಲಗಿತ್ತಿ, ಬಂಧುಗಳೆಲ್ಲ ಕೊಂಡವನ್ನು ಸಿದ್ಧಗೊಳಿಸಿರುವಾಗ, "ನಾನು ಬರಲಾರೆ" ಎನ್ನುತ್ತಾಳೆ. "ಇದು ಇಂದಿನ ಹೆಣ್ಣಿನ ಮಾತಲ್ಲವೇ? ಆ ಕಾಲದ ಶಾಸನಗಳಲ್ಲಿ ಹೀಗೆ ಹೇಳಿದವಳೊಬ್ಬಳಾದರೂ ಇದ್ದಾಳೆಯೇ?" ಎಂದು ಕೇಳಿದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ನಮ್ಮ ಹೊಲದ ಬದುವಿನಲ್ಲಿ ಒಂದು ಮಾಸ್ತಿಕಲ್ಲಿದೆ ಸಾರ್. ಬಳೆ ತೊಟ್ಟ ಕೈ ಮಾತ್ರ ಮೇಲೆತ್ತಿದೆ. ಕಲ್ಲಿನ ಮೇಲೆ ಗಂಡನ ಹೆಸರಿದೆ, ಅವಳದಿಲ್ಲ. ನಮ್ಮ ಅವ್ವ ಯುಗಾದಿಗೆ ಅದಕ್ಕೆ ಕುಂಕುಮ ಹಚ್ಚುತ್ತಾಳೆ. ಬರಲಾರೆ ಎಂದವಳಿಗೆ ಯಾರು ಕಲ್ಲು ನಿಲ್ಲಿಸುತ್ತಾರೆ ಸಾರ್? ನಿಲ್ಲಿಸಿದ ಕಲ್ಲುಗಳನ್ನಷ್ಟೇ ನಾವು ಓದುತ್ತೇವೆ."

ನನ್ನಲ್ಲಿ ಉತ್ತರವಿರಲಿಲ್ಲ. ಇಪ್ಪತ್ತು ವರ್ಷಗಳಿಂದ ಬೆಳತೂರಿನ ದೇಕಬ್ಬೆಯ ಶಾಸನವನ್ನು ಪಾಠ ಹೇಳುತ್ತ ಬಂದಿದ್ದೇನೆ. 1057ರ ಆ ಶಾಸನದಲ್ಲಿ, ಅರಸನ ಆಜ್ಞೆಯಿಂದ ಗಂಡನು ಮಡಿದ ಸುದ್ದಿ ಕೇಳಿ ದೇಕಬ್ಬೆ ಕೊಂಡಕ್ಕೆ ನಡೆಯುತ್ತಾಳೆ; ತಂದೆ ತಾಯಿ ಬೇಡವೆಂದು ಬೇಡಿಕೊಳ್ಳುತ್ತಾರೆ; ಅವಳು ಕೇಳುವುದಿಲ್ಲ. ಅವಳ ದೃಢತೆಯನ್ನು ತರಗತಿಯಲ್ಲಿ ಎಷ್ಟೋ ಸಲ ಕೊಂಡಾಡಿದ್ದೇನೆ. ಆ ತಂದೆ ತಾಯಿಯರ ಮಾತನ್ನು ಎಂದೂ ನಿಂತು ಕೇಳಿರಲಿಲ್ಲ. ಆ ಕಾಲದಲ್ಲಿಯೂ "ಬೇಡ" ಎಂದವರಿದ್ದರು! ಕಲ್ಲೇ ಅದನ್ನು ಹೇಳುತ್ತಿದೆ. ಹಾಗಿದ್ದ ಮೇಲೆ, ಆ "ಬೇಡ"ವು ಒಬ್ಬ ಹೆಣ್ಣಿನ ಎದೆಯಲ್ಲಿಯೂ ಹುಟ್ಟಲಾರದೆಂದು ನಾನು ಯಾವ ಆಧಾರದ ಮೇಲೆ ಹೇಳಲಿ?

ಆತಕೂರಿನ ಶಾಸನವೂ ನೆನಪಾಯಿತು. ಹತ್ತನೆಯ ಶತಮಾನದ ಮಧ್ಯದಲ್ಲಿ, ತಕ್ಕೋಲದ ಕಾಳಗವಾದ ಹೊಸತರಲ್ಲಿ, ಹಂದಿಯೊಡನೆ ಹೋರಾಡಿ ಸತ್ತ ಒಂದು ಬೇಟೆನಾಯಿಗೆ ನಿಲ್ಲಿಸಿದ ಕಲ್ಲು ಅದು. ಆ ನಾಯಿಯ ಹೆಸರು ಕಾಳಿ. ಸಾವಿರ ವರ್ಷ ಕಳೆದ ಮೇಲೆಯೂ ಅದನ್ನು ಹೆಸರು ಹಿಡಿದು ಕರೆಯಬಲ್ಲೆವು. ನನ್ನ ವಿದ್ಯಾರ್ಥಿನಿಯ ಹೊಲದ ಬದುವಿನವಳನ್ನು ಕರೆಯಲಾರೆವು.

ಹಿಂದಿನವರ ನಿತ್ಯಜೀವನವನ್ನು ತಿಳಿಯಬೇಕೆಂಬುದು ಬರಿಯ ಪಾಂಡಿತ್ಯದ ಹಟವಲ್ಲ. ಬದುಕಿದ್ದವರ ವಿಷಯದಲ್ಲಿ ನಾವು ಸುಳ್ಳು ಹೇಳಿದರೆ ಅವರು ಎದುರು ಹೇಳಬಲ್ಲರು, ಸತ್ತವರು ಹೇಳಲಾರರು. ಆದ್ದರಿಂದ ಅವರ ಒಲೆ, ಬುತ್ತಿ, ನಾಣ್ಯ, ಹೊತ್ತುಗಳಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ಗೊತ್ತಿರುವಲ್ಲಿ ಕಲ್ಪನೆಗೆ ಸ್ವಾತಂತ್ರ್ಯವಿಲ್ಲ. ಆದರೆ ಆಕರಗಳು ಮೌನವಾಗಿರುವಲ್ಲಿ, ಬರೆದವರು ಯಾರನ್ನು ಬಿಟ್ಟು ಬರೆದರೋ ಅವರ ವಿಷಯದಲ್ಲಿ, ಕಲ್ಪನೆ ಒಂದು ಸ್ವಾತಂತ್ರ್ಯ ಮಾತ್ರವಲ್ಲ, ಒಂದು ಋಣವೂ ಹೌದು. ಅದನ್ನೂ ಜೋಳದ ಪಾಳಿಯೆಂದೇ ಕರೆಯಬಹುದು.

ದೀಪಾವಳಿ ಕಳೆದ ಮೇಲೆ ಅವಳು ತಿದ್ದಿದ ಪ್ರತಿಯನ್ನು ತಂದುಕೊಟ್ಟಳು. ರೊಟ್ಟಿಯ ಮೇಲೆ ಈಗ ಮೆಣಸು ಬೆರೆಸಿದ ಎಳ್ಳಿನ ಪುಡಿ. ಬೆಳಗಿನ ಕೆಂಡಕ್ಕಾಗಿ ಆ ಹೆಣ್ಣು ಮೂರು ಮನೆ ದಾಟಿ ಹೋಗುತ್ತಾಳೆ. ಎರಡನೆಯ ಮನೆಯಲ್ಲಿ ಕೆಂಡವಿದ್ದರೂ ಅದನ್ನು ಕೇಳುವಂತಿಲ್ಲ. ಗಂಡನು ಉಂಡ ಜೋಳಕ್ಕಾಗಿ ಸಾಯುತ್ತಾನೆ. ಕೊನೆಯ ಪುಟದಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ. ನಾನು ಅಲ್ಲಿ ಗೆರೆ ಎಳೆಯಲಿಲ್ಲ.

ಆ ರಾತ್ರಿ ಮನೆಗೆ ಹೋಗಿ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯಲ್ಲಿ ನನ್ನ ಕಲ್ಯಾಣದ ಕತೆಯನ್ನು ಹುಡುಕಿದೆ. ಸಿಕ್ಕಲಿಲ್ಲ. ಅದರಲ್ಲಿ ನನಗೆ ನೆನಪಿರುವುದು ಆ ಆಲೂಗಡ್ಡೆಯೊಂದೇ.